ಟ್ರೋಪೋನಿನ್‌ಗೆ ಹತ್ತಕ್ಕೆ ಮೂರು

"ಮೇಡಂ, ಎಮರ್ಜೆನ್ಸಿಯಿಂದ ಮಾತಾಡಾಕತ್ತೀನ್ರಿ. ನಿಮ್ಮ ಎರಡನೇ ಟ್ರೋಪೋನಿನ್ ರಿಪೋರ್ಟ್ ಬಂದೈತ್ರಿ. ಭಾಳ ಜಾಸ್ತಿ ಐತಿ. ನೀವು ಲಗೂನ ವಾಪಸ್ ಬರ್ಬೇಕ್ರಿ."

ಇದಕ್ಕೆ ನನ್ನ ದೊಡ್ಡಮ್ಮ ಕೊಟ್ಟ ಉತ್ತರ: "ಹತ್ತಕ್ಕೆ ಮೂರು. ಹುಬ್ಬಳ್ಳಿ ಕನ್ನಡ ನಿನ್ನ ನಾಲಿಗೆಗೆ ಕೂರಲ್ಲ ಕಣೋ. ಇನ್ನೂ ಪ್ರಾಕ್ಟೀಸ್ ಮಾಡು." ಇಷ್ಟು ಹೇಳಿ ಫೋನ್ ಇಟ್ಟುಬಿಟ್ಟಳು.

ಆ ಕಡೆ ಇದ್ದದ್ದು ನಾನಲ್ಲ. ನಿಜವಾದ ಆಸ್ಪತ್ರೆಯ ನಿಜವಾದ ನರ್ಸು. ಹುಬ್ಬಳ್ಳಿಯಲ್ಲೇ ಹುಟ್ಟಿ, ಅಲ್ಲೇ ಓದಿ, ಈಗ ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿರುವವರು. ಅವರ ತಾಯಿನುಡಿಗೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಹತ್ತಕ್ಕೆ ಮೂರು ಬಿತ್ತು. ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯನ್ನು ನಮ್ಮ ಮನೆಯಲ್ಲಿ ಯಾರು ಎಲ್ಲಿಂದ ಶುರು ಮಾಡಿದರೂ ಕೊನೆಗೆ ಎಲ್ಲರ ಕಣ್ಣು ನನ್ನ ಕಡೆಗೇ ತಿರುಗುತ್ತದೆ.

ನಾನು ಮಿಮಿಕ್ರಿ ಮಾಡುವವನು. ಸಂಬಳಕ್ಕೆ ಗಾಡಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೂರುತ್ತೇನೆ, ಅದು ಬೇರೆ ವಿಷಯ. ನನ್ನ ಗಂಟಲು ಒಂದು ವಠಾರ. ಆಟೋದವರು, ಬಸ್ ಕಂಡಕ್ಟರು, ಅಪಾರ್ಟ್‌ಮೆಂಟ್ ಸೆಕ್ರೆಟರಿ, ಮೆಟ್ರೋ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಹೇಳುವ ಮೇಡಂ, ಎಲ್ಲರೂ ಅಲ್ಲಿ ಬಾಡಿಗೆಗಿದ್ದಾರೆ. ಓನರ್‌ಗೆ ಮಾತ್ರ ಜಾಗವಿಲ್ಲ. ಮದುವೆ ರಿಸೆಪ್ಷನ್‌ಗಳಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯಲು ಹೋಗುವ ಹತ್ತು ನಿಮಿಷ ನನಗೆ ಸ್ಟೇಜು ಸಿಗುತ್ತದೆ. ಸರಿಯಾಗಿ ಅದೇ ಹತ್ತು ನಿಮಿಷಕ್ಕೆ ಊಟದ ಹಾಲಿನ ಬಾಗಿಲು ತೆಗೆಯುತ್ತಾರೆ. ನನ್ನ ಕಲೆಯನ್ನು ಪೂರ್ತಿ ನೋಡಿದವರು ಈ ಊರಿನಲ್ಲಿ ವೀಡಿಯೋದವರು ಮಾತ್ರ, ಅವರೂ ಒಂದು ಕಣ್ಣು ಮುಚ್ಚಿಕೊಂಡು.

ಪೂರ್ತಿ ಕೇಳಿದವಳು ದೊಡ್ಡಮ್ಮ ಒಬ್ಬಳೇ. ಅಮ್ಮನ ಅಕ್ಕ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವಳು. ಕೆಲಸದಿಂದ ರಿಟೈರ್ ಆದಳೇ ಹೊರತು ಮಾರ್ಕ್ಸ್ ಕೊಡುವ ಚಟದಿಂದ ಆಗಲಿಲ್ಲ. ನಾನು ಯಾರದೇ ದನಿ ಮಾಡಲಿ, ಹತ್ತಕ್ಕೆ ಅಂಕ ಹಾಕುತ್ತಿದ್ದಳು: ದನಿಗೆ ನಾಲ್ಕು, ಉಸಿರಿಗೆ ಮೂರು, ಮರ್ಯಾದೆಗೆ ಮೂರು. ಮರ್ಯಾದೆಗೆ ನನಗೆ ಯಾವತ್ತೂ ಸೊನ್ನೆ. ಹಾಗಾಗಿ ನಾನು ಏಳು ದಾಟಿದ್ದೇ ಇಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕಾವೇರಿ ನೀರು ಬರುವ ದಿನಗಳಿಗೆ ನೀಲಿ ಸುತ್ತು, ನನ್ನ ಅಂಕಗಳಿಗೆ ಕೆಂಪು ಇಂಕು. ಆ ಕ್ಯಾಲೆಂಡರು ನೋಡಿದರೆ ನೀರಿಗೂ ನನಗೂ ಸಮಾನ ಗೌರವ ಇದ್ದಂತೆ ಕಾಣುತ್ತಿತ್ತು. ಇರಲಿಲ್ಲ. ನೀರು ಬಂದರೆ ಅವಳು ಓಡಿಬರುತ್ತಿದ್ದಳು.

ದೊಡ್ಡಪ್ಪ ಮಾತ್ರ ನನ್ನ ಯಾವ ಐಟಂಗೂ ನಕ್ಕವರಲ್ಲ. ಅವರಿಗೆ ಕಿವಿ ಕೇಳಿಸುವುದಿಲ್ಲ. ಕಿವಿಗೆ ಹಾಕುವ ಮೆಷಿನ್ನು ಡ್ರಾಯರಿನಲ್ಲಿ ಭದ್ರವಾಗಿದೆ. ಅದನ್ನು ಹಾಕಿಕೊಂಡರೆ ಪಾತ್ರೆ ಸದ್ದು ಮಾತ್ರ ಕೇಳಿಸುತ್ತದಂತೆ. ಮಾತಾಡುವವರ ಬಾಯಿಯನ್ನೇ ದಿಟ್ಟಿಸಿ, ಅರ್ಧ ಅರ್ಥ ಮಾಡಿಕೊಂಡು, ಮಿಕ್ಕ ಅರ್ಧಕ್ಕೆ "ಆಂ?" ಎನ್ನುತ್ತಾರೆ. ಆ "ಆಂ?" ನನ್ನ ಅತ್ಯುತ್ತಮ ಐಟಂಗಳಲ್ಲಿ ಒಂದು. ಅಂಗೈಯನ್ನು ಕಿವಿಯ ಹಿಂದೆ ಇಟ್ಟು, ಹುಬ್ಬು ಮೇಲೆತ್ತಿ, ಅವರ ಬೆನ್ನ ಹಿಂದೆಯೇ ಮಾಡಿ ತೋರಿಸುತ್ತಿದ್ದೆ. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಆಮೇಲೆ ಮರ್ಯಾದೆಗೆ ಮೈನಸ್ ಎರಡು ಹಾಕುತ್ತಿದ್ದಳು.

ಆಸ್ಪತ್ರೆ ದನಿಗಳು ನನ್ನ ಪಟ್ಟಿಗೆ ಸೇರಿದ್ದು ಪಾರ್ಕಿನಿಂದ. ಅವರ ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿದ ಹಿರಿಯರು ಎರಡು ಕಲ್ಲುಬೆಂಚುಗಳ ಮೇಲೆ ಕೂರುತ್ತಾರೆ. ಅಲ್ಲಿ ಯಾರೂ "ಹೇಗಿದ್ದೀರಿ" ಎಂದು ಕೇಳುವುದಿಲ್ಲ, "ಎಷ್ಟಿದೆ" ಎಂದು ಕೇಳುತ್ತಾರೆ. ಶುಗರ್ ಎಷ್ಟು, ಥೈರಾಯ್ಡ್ ಎಷ್ಟು, ಬಿ ಟ್ವೆಲ್ವ್ ಎಷ್ಟು. ಒಬ್ಬ ಅಂಕಲ್‌ಗೆ ತನ್ನ ಕ್ರಿಯಾಟಿನಿನ್ ಒಂದರ ಕೆಳಗಿದೆ ಎಂದು ಎಂಥ ಗರ್ವ ಅಂದರೆ, ಮೊಮ್ಮಗಳು ಮೆಡಿಕಲ್ ಸೀಟು ತೆಗೆದುಕೊಂಡಾಗಲೂ ಅಷ್ಟು ಬೀಗಿರಲಿಲ್ಲ. ದೊಡ್ಡಮ್ಮ ಆ ಬೆಂಚಿನ ಫಸ್ಟ್ ರ‍್ಯಾಂಕು. ಎಲ್ಲಾ ನಂಬರೂ ನಾರ್ಮಲ್. ಪಕ್ಕದ ಮನೆ ಆಂಟಿ ಸೆಕೆಂಡ್ ರ‍್ಯಾಂಕು, ಕೊಲೆಸ್ಟರಾಲಿನಲ್ಲಿ ಎರಡೇ ಅಂಕದಿಂದ ತಪ್ಪಿಹೋದದ್ದು ಎಂದು ಇವತ್ತಿಗೂ ಕೊರಗುತ್ತಾರೆ.

ಈ ರ‍್ಯಾಂಕಿನ ಸೊಕ್ಕು ಇಳಿಸೋಣ ಎಂದು ನಾನು ಒಂದು ಕೆಲಸ ಮಾಡಿದೆ. ದೊಡ್ಡಮ್ಮ ವರ್ಷಕ್ಕೊಮ್ಮೆ ಮಾಡಿಸುವ ಟೆಸ್ಟಿಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿದ್ದರು. ಸಂಜೆ ನಾನು ಬೇರೆ ನಂಬರಿನಿಂದ, ಮೂಗಿನಲ್ಲಿ ಮಾತಾಡುವ ಲ್ಯಾಬ್ ಹುಡುಗಿಯ ದನಿಯಲ್ಲಿ ಫೋನ್ ಮಾಡಿದೆ. "ಸಾರಿ ಮೇಡಂ, ನಿಮ್ ಸ್ಯಾಂಪಲ್ ಟ್ಯೂಬ್ ಒಡ್ದೋಗಿದೆ. ನಾಳೆ ಮತ್ತೆ ಫಾಸ್ಟಿಂಗಲ್ಲಿ ಇರಿ, ನಮ್ಮೋರು ಬರ್ತಾರೆ." ಮಾರನೇ ಬೆಳಿಗ್ಗೆ ಅವಳು ಕಾಫಿ ಇಲ್ಲದೆ ಒಂಬತ್ತೂವರೆವರೆಗೆ ಕೂತಿದ್ದಳು. ಐದೂವರೆಗೆ ಎದ್ದು ಡಿಕಾಕ್ಷನ್ ಇಳಿಸುವ ಹೆಂಗಸು. ನಾನು ಹೋಗಿ ಅದೇ ಮೂಗಿನ ದನಿಯಲ್ಲಿ "ಗುಡ್ ಮಾರ್ನಿಂಗ್ ಮೇಡಂ" ಎಂದಾಗ ಕೈಗೆ ಸಿಕ್ಕಿದ ಚಪಾತಿ ಲಟ್ಟಣಿಗೆ ಎತ್ತಿಕೊಂಡಳು.

"ಇನ್ಮೇಲೆ ಲ್ಯಾಬು, ಬ್ಯಾಂಕು, ಆಸ್ಪತ್ರೆ ಅಂತ ಯಾವ ದನಿ ಬಂದ್ರೂ ನಾನು ನಂಬಲ್ಲ ಕಣೋ," ಎಂದಳು. "ಒಂದು ಸಲ ಕಾಫಿ ತಪ್ಪಿಸಿದೀಯ. ಇನ್ನೊಂದು ಸಲ ಆಗಲ್ಲ."

ಆಮೇಲೆ ಎರಡು ಸಲ ಪ್ರಯತ್ನಿಸಿದೆ. ಕಣ್ಣಿನ ಡಾಕ್ಟರಾಗಿ ಒಮ್ಮೆ, ವಾರ್ಡ್ ನರ್ಸಾಗಿ ಒಮ್ಮೆ. ಎರಡು ಸಲವೂ ಮೊದಲ ವಾಕ್ಯಕ್ಕೇ ಹಿಡಿದು ಮಾರ್ಕ್ಸ್ ಹಾಕಿದಳು. ಪಾರ್ಕಿನಲ್ಲೆಲ್ಲ ಹೇಳಿಕೊಂಡು ಬಂದಳು. ಇಡೀ ಬೆಂಚು ಅವಳ ಬುದ್ಧಿವಂತಿಕೆಯನ್ನು ಹೊಗಳಿತು.

ಆ ಮಂಗಳವಾರದ ಬೆಳಗಿನ ವಿಷಯ ನನಗೆ ಗೊತ್ತಾದದ್ದು ಆಮೇಲೆ, ಅವರಿವರ ಬಾಯಿಂದ ತುಂಡುತುಂಡಾಗಿ. ಆರು ಗಂಟೆಗೆ ಬಾಗಿಲಿಗೆ ನೀರು ಹಾಕುವಾಗ ದೊಡ್ಡಮ್ಮನಿಗೆ ಎಡಗಡೆ ದವಡೆ ನೋವು ಶುರುವಾಗಿದೆ. ಜೊತೆಗೆ ಬೆವರು. ಎದೆಯಲ್ಲಿ ಏನೂ ಇಲ್ಲ. ಹಲ್ಲು ಎಂದುಕೊಂಡಳು. ಲವಂಗ ಕಚ್ಚಿಕೊಂಡು ಎರಡು ಗಂಟೆ ದೂಡಿ, ಅದೇ ರಸ್ತೆಯ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಆ ಡಾಕ್ಟರು ನನ್ನ ವಯಸ್ಸಿನ ಹುಡುಗಿ. ಒಂದೊಂದೇ ಹಲ್ಲು ತಟ್ಟಿ ನೋಡಿ, ಅವಳ ಹಣೆ ನೋಡಿ, "ಆಂಟಿ, ಇದು ಹಲ್ಲಲ್ಲ" ಎಂದು ತಾನೇ ಆಟೋ ಹತ್ತಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಟ್ಟುಬಂದಳು.

ಅಲ್ಲಿ ಇಸಿಜಿ ತೆಗೆದರು. ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ರಕ್ತ ತೆಗೆದು ಟ್ರೋಪೋನಿನ್ ಎಂಬ ಪರೀಕ್ಷೆ ಮಾಡಿದರು. ಹನ್ನೊಂದು ಬಂತು. ನಾರ್ಮಲ್.

ಅಲ್ಲಿಗೆ ದೊಡ್ಡಮ್ಮನ ಪ್ರಕಾರ ಪರೀಕ್ಷೆ ಮುಗಿಯಿತು. ಆದರೆ ಡಾಕ್ಟರು ಮೂರು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯಬೇಕು, ಅಲ್ಲಿಯವರೆಗೆ ಮಂಚ ಬಿಟ್ಟು ಏಳಬಾರದು ಎಂದರು. ಹನ್ನೊಂದೂವರೆಗೆ ಎರಡನೇ ಸಲ ತೆಗೆದರು. ರಿಪೋರ್ಟಿಗೆ ಇನ್ನೊಂದು ಗಂಟೆ. ಅವಳು ಗೋಡೆಯ ಗಡಿಯಾರ ನೋಡಿದಳು. ಅವತ್ತು ಕ್ಯಾಲೆಂಡರಿನಲ್ಲಿ ನೀಲಿ ಸುತ್ತಿನ ದಿನ.

ಜಯನಗರದವರಿಗೆ ಇದನ್ನು ವಿವರಿಸಬೇಕಿಲ್ಲ. ಅವರ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತದೆ. ನೆಲದಡಿಯ ಸಂಪಿನ ವಾಲ್ವ್ ತಿರುಗಿಸಬೇಕು, ಮೋಟರ್ ಹಾಕಬೇಕು, ಟ್ಯಾಂಕು ತುಂಬಿದ ಕೂಡಲೇ ಆರಿಸಬೇಕು. ದೊಡ್ಡಪ್ಪನಿಗೆ ಟ್ಯಾಂಕು ತುಂಬಿ ಸುರಿಯುವ ಸದ್ದು ಕೇಳಿಸುವುದಿಲ್ಲವಾದ್ದರಿಂದ ಆ ಖಾತೆ ಅವರ ಕೈಯಲ್ಲಿ ಯಾವತ್ತೂ ಇರಲಿಲ್ಲ. "ಒಂದು ಪೇಪರ್ ಪಾಸಾಗಿದೆಯಲ್ಲ ಡಾಕ್ಟ್ರೇ, ಇನ್ನೊಂದೂ ಆಗುತ್ತೆ," ಎಂದು ಹೇಳಿ, ತನ್ನ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿ, ಆಟೋ ಹತ್ತಿ ಮನೆಗೆ ಬಂದು, ಸಂಪಿನ ಮುಚ್ಚಳ ತೆಗೆದಳು.

ಹನ್ನೆರಡೂ ನಲವತ್ತಕ್ಕೆ ನರ್ಸ್ ಫೋನ್ ಮಾಡಿದರು. ಹತ್ತಕ್ಕೆ ಮೂರು. ಎರಡನೇ ಸಲ ಡ್ಯೂಟಿ ಡಾಕ್ಟರೇ ಮಾಡಿದರು. "ಓ, ಈಗ ಗಂಡಸಿನ ದನಿನಾ? ಇದು ಪರ್ವಾಗಿಲ್ಲ, ಐದು. ಆದ್ರೆ ಡಾಕ್ಟ್ರು ಇಷ್ಟೊಂದು ಗಾಬರಿ ಆಗಲ್ಲ ಕಣೋ." ಮೂರನೇ ಸಲ ಎತ್ತಲೇ ಇಲ್ಲ.

ಕೇಸ್ ಶೀಟಿನಲ್ಲಿ ತುರ್ತಿಗೆ ಯಾರಿಗೆ ಹೇಳಬೇಕು ಎಂಬ ಜಾಗದಲ್ಲಿ ಅವಳು ದೊಡ್ಡಪ್ಪನ ಬದಲು ನನ್ನ ನಂಬರು ಬರೆದಿದ್ದಳು. ನನಗೆ ಫೋನು ಬಂತು. ನಾನು ಆಗ ಬಿಟಿಎಂನ ಆಫೀಸಿನಲ್ಲಿ ನಮ್ಮ ಮ್ಯಾನೇಜರ್ ಸೀನುವುದನ್ನು ಸೀನಿ ತೋರಿಸುತ್ತಿದ್ದೆ.

"ಸರ್ರ, ನಿಮ್ಮ ದೊಡ್ಡಮ್ಮಾರ ಬಗ್ಗೆ ಫೋನ್ ಮಾಡೀನ್ರಿ. ಅವರಿಗೆ ಹಾರ್ಟ್ ಅಟ್ಯಾಕ್ ಆಗೈತ್ರಿ. ರಿಪೋರ್ಟ್ ಹೇಳಾಕ ಫೋನ್ ಮಾಡಿದ್ರ ನಮಗ ಮಾರ್ಕ್ಸ್ ಕೊಡಾಕತ್ತಾರ್ರಿ."

ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ದೊಡ್ಡಮ್ಮ ಪಾರ್ಕಿನ ಯಾರನ್ನೋ ಹಿಡಿದು ಕಾಫಿಯ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. "ಆಂಟಿ, ಸಖತ್ತಾಗಿ ಮಾಡ್ತೀರ. ಎಂಟು ಕೊಡ್ತೀನಿ," ಎಂದೆ.

ಆ ಕಡೆ ಹಿಂದೆಲ್ಲೋ ಯಾವುದೋ ಮೆಷಿನ್ನು ಟಿಕ್ ಟಿಕ್ ಎನ್ನುತ್ತಿತ್ತು, ಯಾರೋ ಯಾರಿಗೋ ಗಾಲಿಕುರ್ಚಿ ತರಲು ಹೇಳುತ್ತಿದ್ದರು. ಆಮೇಲೆ ನರ್ಸ್ ಹೇಳಿದರು, ನಿಧಾನವಾಗಿ: "ಮುಂಜಾನೆ ಹನ್ನೊಂದು ಇತ್ರಿ. ಈಗ ನೂರಾ ಎಂಬತ್ತಾರು."

ಇಷ್ಟು ವರ್ಷ ದನಿಗಳ ಹಿಂದೆ ಬಿದ್ದವನಿಗೆ ಒಂದು ಗೊತ್ತು. ನಟಿಸುವವರು ನಾವು ನಂಬಿದೆವೋ ಇಲ್ಲವೋ ಎಂದು ಕಾಯುತ್ತಾರೆ. ಆ ಕಾಯುವಿಕೆ ಉಸಿರಿನಲ್ಲಿ ಕೇಳಿಸುತ್ತದೆ. ಆ ನರ್ಸ್ ಕಾಯಲಿಲ್ಲ. ನಂಬರು ಹೇಳಿ, ಮತ್ತೊಮ್ಮೆ ಅದೇ ನಂಬರು ಹೇಳಿದರು. ನನ್ನ ಕೈಯಲ್ಲಿದ್ದ ಟೀ ಲೋಟ ಮೇಜಿನ ಮೇಲೆ ಇಟ್ಟೆನೋ ಬಿಟ್ಟೆನೋ ನೆನಪಿಲ್ಲ. ಯಾರದೋ ಪಾಲಿಸಿ ಕಾಗದ ಒದ್ದೆಯಾಗಿತ್ತೆಂದು ಆಮೇಲೆ ಹೇಳಿದರು.

"ಆಂಬ್ಯುಲೆನ್ಸ್ ಕಳಿಸ್ತೀವ್ರಿ," ಎಂದರು ನರ್ಸ್. "ಅವರನ್ನ ಕುಂದರಸ್ರಿ. ನಡಸಬ್ಯಾಡ್ರಿ, ಮೆಟ್ಲಾ ಅಂತೂ ಹತ್ತಸಲೇಬ್ಯಾಡ್ರಿ."

ದೊಡ್ಡಮ್ಮನಿಗೆ ಫೋನ್ ಮಾಡಿದೆ. ಹೆಸರು ನೋಡಿ ಎತ್ತಿದಳು. ಹಿಂದೆ ಮೋಟರ್ ಗುಂಯ್‌ಗುಟ್ಟುತ್ತಿತ್ತು.

"ದೊಡ್ಡಮ್ಮಾ, ನಾನು. ಆ ಫೋನು ನಿಜವಾದ್ದು. ಆಸ್ಪತ್ರೆಯಿಂದಾನೇ ಮಾಡಿದ್ದು. ದಯವಿಟ್ಟು ಕೂತ್ಕೋ. ದೇವರಾಣೆ ನಾನು ಮಾಡಿದ್ದಲ್ಲ."

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಭಲೇ. ದನಿಗೆ ಮೂರು, ಉಸಿರಿಗೆ ಮೂರು, ಮರ್ಯಾದೆಗೆ ಮೂರಕ್ಕೆ ಮೂರು. ಒಟ್ಟು ಒಂಬತ್ತು. ನಿನ್ನ ದನೀನೇ ನೀನು ಮಾಡಿದೀಯ ನೋಡು, ಅದು ಕಷ್ಟ. ಒಂದು ಮಾರ್ಕ್ಸ್ ಯಾಕೆ ಹೋಯ್ತು ಗೊತ್ತಾ? ನೀನು ಯಾವತ್ತೂ ದಯವಿಟ್ಟು ಅನ್ನಲ್ಲ."

ಫೋನ್ ಇಟ್ಟಳು.

ನನ್ನ ಜೀವಮಾನದ ಅತಿ ಹೆಚ್ಚು ಅಂಕ ಅದು. ಸ್ಕೂಟರ್ ಹತ್ತಿ ಜಯನಗರದ ಕಡೆ ಹೊರಟೆ.

ದಾರಿಯಲ್ಲಿ ಗಾಡಿ ನಿಲ್ಲಿಸಿ ಪಕ್ಕದ ಮನೆ ಆಂಟಿಗೆ ಫೋನ್ ಮಾಡಿದೆ. ಸೆಕೆಂಡ್ ರ‍್ಯಾಂಕ್ ಆಂಟಿ. "ಆಂಟಿ, ಬೇಗ ಹೋಗಿ ದೊಡ್ಡಮ್ಮನ್ನ ಕೂರಿಸಿ, ಹಾರ್ಟ್ ಅಟ್ಯಾಕ್ ಆಗಿದೆ," ಎಂದೆ.

"ಅಯ್ಯೋ, ಸಾಕು ಬಿಡಪ್ಪ," ಎಂದರು ಆಂಟಿ. "ಈಗ್ತಾನೆ ಸಂಪಿನ ಹತ್ರ ನಿಂತು ನನ್ನ ಜೊತೆ ಮಾತಾಡಿದ್ರು. ಅವರ ರಿಪೋರ್ಟೆಲ್ಲಾ ನಾರ್ಮಲ್ಲು. ನಮಗೇ ಹೊಟ್ಟೆ ಉರಿಯೋಷ್ಟು ನಾರ್ಮಲ್ಲು. ನಿನಗೆ ಬೇರೆ ತಮಾಷೆ ಸಿಗ್ಲಿಲ್ವಾ?"

ಬನ್ನೇರುಘಟ್ಟ ರಸ್ತೆ ದಾಟುವ ಸಿಗ್ನಲ್‌ನಲ್ಲಿ ಕೆಂಪು ದೀಪ ನೂರಾ ನಲವತ್ತರಿಂದ ಎಣಿಸುತ್ತಾ ಇಳಿಯುತ್ತಿತ್ತು. ನಾನು ಇಷ್ಟು ವರ್ಷ ಕೂಡಿಹಾಕಿದ ದನಿಗಳನ್ನೆಲ್ಲ ಅಲ್ಲಿ ನಿಂತು ಒಂದೊಂದಾಗಿ ನೆನೆದೆ. ಯಾವ ದನಿಯಲ್ಲಿ ಹೇಳಿದರೆ ದೊಡ್ಡಮ್ಮ ನಂಬಬಹುದು? ಅಮ್ಮನ ದನಿ? ಅದನ್ನೂ ಮಾಡಿ ತೋರಿಸಿದ್ದೆ, ಆರು ಬಂದಿತ್ತು. ಪೊಲೀಸರ ದನಿ? ಅದೂ ಆಗಿತ್ತು. ಈ ಭೂಮಿಯ ಮೇಲೆ ಅವಳು ನನ್ನ ಬಾಯಿಂದ ಕೇಳದಿದ್ದ ದನಿ ಒಂದೂ ಉಳಿದಿರಲಿಲ್ಲ. ಹಿಂದಿನವನು ಹಾರ್ನ್ ಹೊಡೆದು, "ಏನ್ ಗುರು, ಮಲ್ಗಿಬಿಟ್ಯಾ?" ಎಂದ. ಸಿಗ್ನಲ್ ಹಸಿರಾಗಿತ್ತು.

ಮನೆ ತಲುಪಿದಾಗ ಗೇಟು ತೆರೆದಿತ್ತು. ಮೋಟರ್ ಓಡುತ್ತಿತ್ತು. ದೊಡ್ಡಪ್ಪ ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವರಿಗೆ ಗೊತ್ತಿದ್ದದ್ದು ಹೆಂಡತಿ ಹಲ್ಲು ತೋರಿಸಲು ಹೋಗಿಬಂದಳು ಎಂದಷ್ಟೇ. ಮನೆಯ ಹೊರಗಿನಿಂದ ತಾರಸಿಗೆ ಹೋಗುವ ಮೆಟ್ಟಿಲಿದೆ. ಆ ಮೆಟ್ಟಿಲ ನಡುವೆ ದೊಡ್ಡಮ್ಮ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ದವಡೆಯ ಮೇಲೆ. ಟ್ಯಾಂಕು ತುಂಬಿತೇ ಎಂದು ನೋಡಲು ಹೊರಟಿದ್ದಳು.

"ಹತ್ತಬೇಡ!" ಎಂದು ಕೂಗಿದೆ.

ಅವಳು ತಿರುಗಿದಳು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಆದರೂ ನಕ್ಕಳು. "ಓಹೋಹೋ! ನಾಟಕ ಮನೆ ಬಾಗಿಲಿಗೇ ಬಂತಾ? ಆಫೀಸಿಗೆ ರಜಾ ಹಾಕಿ ಬಂದ್ಯೇನೋ ಇದಕ್ಕೆ?"

"ದೊಡ್ಡಮ್ಮಾ, ಹಾರ್ಟು. ಹನ್ನೊಂದಿದ್ದದ್ದು ನೂರಾ ಎಂಬತ್ತಾರಾಗಿದೆ. ಆಂಬ್ಯುಲೆನ್ಸ್ ಬರ್ತಿದೆ. ಅಲ್ಲೇ ಕೂತ್ಕೋ, ಕಾಲು ಹಿಡ್ಕೋತೀನಿ."

"ಹನ್ನೊಂದು ಅಂತ ನಿನಗೆ ಯಾರೋ ಹೇಳಿದ್ದು? ಆ ಹಲ್ಲು ಡಾಕ್ಟ್ರು ಹುಡುಗಿನೂ ನಿಂಜೊತೆ ಸೇರ್ಕೊಂಡಳಾ?" ಇನ್ನೊಂದು ಮೆಟ್ಟಿಲು ಹತ್ತಿದಳು. ಉಸಿರು ಸಾಲದೆ ನಿಂತಳು. "ಬಂದ್ಮೇಲೆ ಊಟ ಮಾಡ್ಕೊಂಡು ಹೋಗು. ಹುಳಿ ಇದೆ. ಮೊದ್ಲು ಟ್ಯಾಂಕ್ ನೋಡ್ಬರ್ತೀನಿ."

ನಾನು ಓಡಿ ಮೆಟ್ಟಿಲು ಹತ್ತಿ ಅವಳನ್ನು ಹಿಡಿದುಕೊಳ್ಳಬೇಕಿತ್ತು. ಅಷ್ಟು ಸರಳ. ಆದರೆ ನನ್ನ ಕಾಲು ಅಲ್ಲೇ ಹೂತುಹೋಗಿತ್ತು, ಬಾಯಿ ಮಾತ್ರ ಒಂದೇ ಸಮನೆ ಆಡುತ್ತಿತ್ತು. ಹಾರ್ಟು, ಆಸ್ಪತ್ರೆ, ಹಾರ್ಟು, ಆಸ್ಪತ್ರೆ. ಸದ್ದು ಬರುತ್ತಿತ್ತೋ ಇಲ್ಲವೋ ನನಗೇ ತಿಳಿಯಲಿಲ್ಲ.

ದೊಡ್ಡಪ್ಪ ಪೇಪರ್ ಕೆಳಗಿಟ್ಟರು. ನನ್ನ ಬಾಯಿಯನ್ನೇ ನೋಡಿದರು, ಎಂದಿನಂತೆ ಕಣ್ಣು ಕಿರಿದು ಮಾಡಿಕೊಂಡು. "ಆಂ?" ಎನ್ನಲಿಲ್ಲ. ಎದ್ದು ಹೋಗಿ ಮೋಟರಿನ ಸ್ವಿಚ್ಚು ಆರಿಸಿದರು.

ಮನೆಯೆಲ್ಲ ನಿಶ್ಶಬ್ದವಾಯಿತು. ಮೆಟ್ಟಿಲ ಮೇಲೆ ದೊಡ್ಡಮ್ಮ ಬೆಚ್ಚಿಬಿದ್ದಳು. ಹಾರ್ಟ್ ಅಟ್ಯಾಕಿನ ಸುದ್ದಿಗೆ ಬೆಚ್ಚದವಳು ಅದಕ್ಕೆ ಬೆಚ್ಚಿದ್ದಳು.

"ಯಾಕ್ರೀ ಆಫ್ ಮಾಡಿದ್ರಿ? ಟ್ಯಾಂಕ್ ತುಂಬಿಲ್ಲ!"

ಅವರು ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿದರು. "ಹುಡುಗನ ಮುಖ ನೋಡು."

ಅವಳು ಕೈಯಾಡಿಸಿ, ಅವರಿಗೆ ಕಾಣುವಂತೆ ಬಾಯಿ ಅಗಲಿಸಿ ಹೇಳಿದಳು: "ಅವನು ಆಕ್ಟರ್ ರೀ!"

"ನನಗೆ ಅವನ ಆಕ್ಟಿಂಗ್ ಯಾವತ್ತು ಕೇಳಿಸಿದೆ?" ಎಂದರು ದೊಡ್ಡಪ್ಪ. "ಮುಖ ನೋಡು ಅಂದೆ. ಹಾರ್ಟು ಅಂತಿದಾನೆ. ಕೆಳಗಿಳಿ. ಬೇಡ, ಇಳೀಬೇಡ, ಅಲ್ಲೇ ಕೂತ್ಕೋ. ನೀರು ನಾನು ನೋಡ್ಕೋತೀನಿ."

ನಲವತ್ತು ವರ್ಷದ ಸಂಸಾರದಲ್ಲಿ ಅವರು ನೀರಿನ ವಿಷಯದಲ್ಲಿ ಆಡಿದ ಮೊದಲ ಮಾತು ಅದಾಗಿದ್ದಿರಬೇಕು. ದೊಡ್ಡಮ್ಮ ಅವರನ್ನು ನೋಡಿದಳು. ಆಮೇಲೆ, ಅವತ್ತು ಮೊದಲ ಬಾರಿಗೆ, ನನ್ನನ್ನು ನೋಡಿದಳು. ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲ ಮೇಲೆ ಕೂತಳು.

"ನಿಜವೇನೋ?" ಎಂದಳು.

ಹೌದೆಂದು ತಲೆಯಾಡಿಸಿದೆ.

ಆಂಬ್ಯುಲೆನ್ಸಿನವರು ಅವಳನ್ನು ಮೆಟ್ಟಿಲಿನಿಂದ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಪಕ್ಕದ ಮನೆ ಆಂಟಿ ಗೇಟಿನಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದರು. ಆಂಬ್ಯುಲೆನ್ಸಿನೊಳಗೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ ದೊಡ್ಡಮ್ಮ, ಸೈರನ್ ಶುರುವಾದಾಗ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಈ ಸೈರನ್ನೂ ನೀನೇನಾ?"

"ಅಲ್ಲ ದೊಡ್ಡಮ್ಮಾ."

"ಮತ್ತೆ ಯಾಕೆ ದೊಡ್ಡಮ್ಮಾ ನನಗೆ ಹೇಳ್ಲಿಲ್ಲ ನೀನು, ಆಸ್ಪತ್ರೆಗೆ ಹೋಗಿದ್ದು?" ಎಂದು ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಅವಳೇ ನನ್ನ ದನಿಯಲ್ಲಿ ಕೇಳಿಕೊಂಡಳು. ಪರವಾಗಿಲ್ಲ, ಐದು ಕೊಡಬಹುದಿತ್ತು. ಉತ್ತರವನ್ನೂ ಅವಳೇ ಹೇಳಿದಳು. "ಹೇಳಿದ್ರೆ ನಾಳೆ ಪಾರ್ಕಿನಲ್ಲಿ ನೀನು ಅದನ್ನೇ ಮಾಡಿ ತೋರಿಸ್ತಿದ್ದೆ. ದವಡೆ ಹಿಡ್ಕೊಂಡು, ಬೆವರು ಒರೆಸ್ಕೊಂಡು."

ನಿಜ. ಮಾಡುತ್ತಿದ್ದೆ.

ಎಮರ್ಜೆನ್ಸಿ ಬಾಗಿಲಲ್ಲೇ ನರ್ಸ್ ನಿಂತಿದ್ದರು. ತೆಳ್ಳಗಿನ, ಸಣ್ಣ ಆಳು. ಅಷ್ಟು ಗಟ್ಟಿ ದನಿ ಅಷ್ಟು ಸಣ್ಣ ಆಳಿನಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ. ಮಂಚಕ್ಕೆ ಮಲಗಿಸಿ ಎದೆಗೆ ವೈರುಗಳನ್ನು ಅಂಟಿಸುತ್ತಾ ಹೇಳಿದರು: "ನಾ ಹುಬ್ಬಳ್ಳ್ಯಾಗ ಹುಟ್ಟಿ ಬೆಳದಾಕೀರಿ ಮೇಡಂ. ನನಗ ಮೂರು!"

ದೊಡ್ಡಮ್ಮ ಅವರನ್ನು ನೋಡಿದಳು. ತಾನು ಮಾರ್ಕ್ಸ್ ಹಾಕಿದವರ ಮುಂದೆ ಅವಳು ತಲೆ ತಗ್ಗಿಸಿದ್ದನ್ನು ನಾನು ಮೊದಲು ನೋಡಿದ್ದು ಆಗ.

ಡ್ಯೂಟಿ ಡಾಕ್ಟರು ನಮ್ಮಿಬ್ಬರಿಗೂ ಸೇರಿಸಿಯೇ ಹೇಳಿದರು. ಹೃದಯದ ಮಾಂಸಕ್ಕೆ ರಕ್ತ ಸಾಲದೆ ಪೆಟ್ಟು ಬಿದ್ದಾಗ ಅದರೊಳಗಿನ ಈ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಆದರೆ ಸೋರಿ ಗೊತ್ತಾಗುವಷ್ಟು ಸೇರಲು ಹೊತ್ತು ಹಿಡಿಯುತ್ತದೆ. ಕೆಲವರಿಗೆ ಇಸಿಜಿಯಲ್ಲೂ ಕಾಣುವುದಿಲ್ಲ, ಎದೆನೋವೂ ಇರುವುದಿಲ್ಲ. ಆಗ ಈ ನಂಬರು ಏರುತ್ತಿದೆಯೇ ಎಂದು ನೋಡುವುದೇ ದಾರಿ. "ಬೆಳಿಗ್ಗೆ ನೀವು ಬೇಗ ಬಂದ್ರಿ. ಅದಕ್ಕೇ ಮೊದಲನೇದು ನಾರ್ಮಲ್ ಇತ್ತು."

"ಬೇಗ ಬಂದಿದ್ದೇ ತಪ್ಪಾಯ್ತಾ ಡಾಕ್ಟ್ರೇ?"

"ಬೇಗ ಬಂದಿದ್ದು ಸರಿ ಅಮ್ಮ. ಬೇಗ ಹೋಗಿದ್ದು ತಪ್ಪು."

"ಒಂದೇ ಬಿಂದು ಇಟ್ಕೊಂಡು ಗೆರೆ ಎಳೆದ್ಬಿಟ್ಟೆ," ಎಂದಳು ದೊಡ್ಡಮ್ಮ. ನಮಗಲ್ಲ, ಮೂವತ್ತೊಂದು ವರ್ಷದ ಒಂಬತ್ತನೇ ತರಗತಿಗಳಿಗೆ ಹೇಳುವಂತಿತ್ತು. "ಒಂದು ಬಿಂದುವಿನಲ್ಲಿ ಎಷ್ಟು ಗೆರೆ ಬೇಕಾದ್ರೂ ಹೋಗುತ್ತೆ. ಎರಡನೇ ಬಿಂದು ಬೇಕು ಅಂತ ಎಷ್ಟು ಮಕ್ಕಳ ಕಿವಿ ಹಿಂಡಿದೀನಿ."

ಸಂಜೆಯೊಳಗೆ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿದರು. ಒಂದು ನಾಳ ಬಹುಪಾಲು ಮುಚ್ಚಿಹೋಗಿತ್ತಂತೆ. ಇನ್ನೊಂದಿಷ್ಟು ಹೊತ್ತು ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ನಾನು ಆ ವಾಕ್ಯವನ್ನು ಹೊರಗಿನ ಸ್ಟೀಲ್ ಬೆಂಚಿನ ಮೇಲೆ ಕೂತು ಬೇಕಾದಷ್ಟು ಸಲ ಮುಗಿಸಿದೆ. ಎರಡು ಫೋನು, ಒಂದು ಎತ್ತದ ಫೋನು, ಹನ್ನೆರಡು ಮೆಟ್ಟಿಲು. ದೊಡ್ಡಪ್ಪ ನನ್ನ ಪಕ್ಕದಲ್ಲಿ ಕಿವಿಗೆ ಮೆಷಿನ್ನು ಹಾಕಿಕೊಂಡು ಕೂತಿದ್ದರು, ಡಾಕ್ಟರು ಏನಾದರೂ ಹೇಳಿದರೆ ತಪ್ಪಿಹೋಗಬಾರದೆಂದು. ನನ್ನ ಕಡೆ ತಿರುಗಿ, "ಟ್ಯಾಂಕು ತುಂಬಿಸಿಯೇ ಬಂದೆ. ಸುರೀಲಿಲ್ಲ," ಎಂದರು. ಅವರ ಬೆನ್ನ ಹಿಂದೆ ಇಷ್ಟು ವರ್ಷ ಮಾಡಿದ "ಆಂ?"ಗಳನ್ನೆಲ್ಲ ನುಂಗಿಕೊಂಡು ನಾನು ಸುಮ್ಮನೆ ಅವರ ಕೈ ಹಿಡಿದುಕೊಂಡೆ.

ಮೂರನೇ ದಿನ ಇನ್ನೊಂದು ರಕ್ತಪರೀಕ್ಷೆಯ ನಂಬರು ಬಂತು. ಬಿಎನ್‌ಪಿ ಎನ್ನುವ ಗುಂಪಿನದು, ಹೃದಯ ಮುಂದೆ ಹೇಗಿರಬಹುದೆಂಬ ಅಂದಾಜಿಗೆ. ಎರಡು ಸಾವಿರದ ಹತ್ತಿರವಿತ್ತು, ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು.

"ಇದು ಭವಿಷ್ಯ ಹೇಳುತ್ತಾ?" ಎಂದು ದೊಡ್ಡಮ್ಮ ಕೇಳಿದಳು.

"ಜಾತಕ ಅಲ್ಲ ಅಮ್ಮ," ಎಂದರು ಡಾಕ್ಟರು. "ಹೃದಯದ ಮೇಲೆ ಎಷ್ಟು ಭಾರ ಬೀಳ್ತಿದೆ ಅಂತ ಹೇಳುತ್ತೆ. ಭಾರ ಜಾಸ್ತಿ ಇರೋರಿಗೆ ಮುಂದೆ ತೊಂದರೆ ಬರೋ ಸಂಭವ ಜಾಸ್ತಿ. ಮಾತ್ರೆ ತಗೊಂಡು, ಉಪ್ಪು ಕಮ್ಮಿ ಮಾಡಿ, ಆರು ವಾರ ಬಿಟ್ಟು ಮತ್ತೆ ನೋಡೋಣ. ಇಳಿದ್ರೆ ಒಳ್ಳೇದು. ಏರಿದ್ರೆ ನಾವು ಇನ್ನೂ ಹುಷಾರಾಗಬೇಕು."

"ಅಂದ್ರೆ ಮತ್ತೆ ಎರಡನೇ ಬಿಂದು."

"ಈ ಸಲ ರಿಪೋರ್ಟ್ ಬರೋತನಕ ಫೋನ್ ಹತ್ರನ ಇರ್ರಿ," ಎಂದರು ನರ್ಸ್.

ಆ ಆರು ವಾರ ನಾನು ಯಾರ ದನಿಯನ್ನೂ ಮಾಡಲಿಲ್ಲ. ವ್ರತವೇನಲ್ಲ. ಬಾಯಿ ತೆರೆದರೆ ಮೆಟ್ಟಿಲ ನಡುವೆ ನಕ್ಕ ಆ ಬೂದಿಮುಖ ಕಾಣಿಸುತ್ತಿತ್ತು. ಆಫೀಸಿನಲ್ಲಿ ಮ್ಯಾನೇಜರೇ ಬಂದು, "ಯಾಕಪ್ಪ, ನನ್ನ ಸೀನು ಬೋರ್ ಹೊಡೀತಾ?" ಎಂದು ವಿಚಾರಿಸಿದರು. ಪಾರ್ಕಿನ ಬೆಂಚಿನಲ್ಲಿ ಫಸ್ಟ್ ರ‍್ಯಾಂಕು ಪಕ್ಕದ ಮನೆ ಆಂಟಿಗೆ ಹೋಯಿತು, ಅವರು ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀಲಿ ಸುತ್ತುಗಳು ಇದ್ದವು, ಮೋಟರಿನ ಖಾತೆ ದೊಡ್ಡಪ್ಪನಿಗೆ ಕಾಯಂ ಆಗಿತ್ತು. ಕೆಂಪು ಇಂಕು ಆ ಮಂಗಳವಾರಕ್ಕೇ ನಿಂತಿತ್ತು: ಮೂರು, ಐದು, ಒಂಬತ್ತು. ಫೋನು ಇಟ್ಟು ಮೆಟ್ಟಿಲು ಹತ್ತುವ ಮೊದಲು ಅವಳು ಅವನ್ನು ಬರೆದಿಟ್ಟು ಹೋಗಿದ್ದಳು.

ಎರಡನೇ ಬಿಂದುವಿನ ದಿನ ಶನಿವಾರ. ಬೆಳಿಗ್ಗೆ ರಕ್ತ ಕೊಟ್ಟು ಬಂದಿದ್ದೆವು. ಮಧ್ಯಾಹ್ನ ನಾನು ಅವಳ ಎದುರು ಊಟಕ್ಕೆ ಕೂತಿದ್ದೆ, ಉಪ್ಪಿಲ್ಲದ ಹುಳಿಯನ್ನು ಮುಖ ಕಿವುಚದೆ ತಿನ್ನುವ ಅಭ್ಯಾಸ ಮಾಡುತ್ತಾ. ಫೋನು ಬಂತು. ದೊಡ್ಡಮ್ಮ ಎತ್ತಿ, ದೊಡ್ಡಪ್ಪನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಮೇಡಂ, ನಮಸ್ಕಾರ್ರೀ. ಆಸ್ಪತ್ರಿಯಿಂದ ಮಾತಾಡಾಕತ್ತೀನ್ರಿ. ರಿಪೋರ್ಟ್ ಬಂದೈತಿ."

"ಒಂದ್ನಿಮಿಷ ಇರಮ್ಮ," ಎಂದಳು ದೊಡ್ಡಮ್ಮ.

ಪೆನ್ನು ಕೈಗೆ ತೆಗೆದುಕೊಂಡಳು. ಆಮೇಲೆ ತಲೆಯೆತ್ತಿ, ದೊಡ್ಡಪ್ಪ ನೋಡುವಂತೆಯೇ ಕಣ್ಣು ಕಿರಿದು ಮಾಡಿ, ನನ್ನ ತುಟಿಗಳನ್ನು ನೋಡಿದಳು. ಕೋಪವಿರಲಿಲ್ಲ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡುವ ಹಾಗೆ.

"ಈಗ ಹೇಳಮ್ಮ," ಎಂದಳು.

"ಏಳುನೂರಾ ನಲವತ್ರಿ. ಭಾಳ ಇಳದೈತಿ. ಡಾಕ್ಟರ್ ಖುಷಿ ಆಗ್ಯಾರ."

ಅವಳು ನಂಬರು ಬರೆದುಕೊಂಡಳು, ತಪ್ಪಿಲ್ಲದಂತೆ ಮತ್ತೊಮ್ಮೆ ಹೇಳಿಸಿದಳು, ಮಾತ್ರೆಗಳ ಬಗ್ಗೆ ಕೇಳಿದಳು, ಮುಂದಿನ ಸಲ ಯಾವಾಗ ಬರಬೇಕೆಂದು ಕೇಳಿದಳು. ಅಷ್ಟು ಹೊತ್ತೂ ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನಾನು ಬಾಯಲ್ಲಿದ್ದ ತುತ್ತನ್ನು ಅಗಿಯಲಿಲ್ಲ.